ನಿಮ್ಮ ‘ಮಾಸ್ ಎಫೆಕ್ಟ್’ ಲೇಖನ ಸದ್ಯಕ್ಕೆ ವಾಪಸ್: ಎಲ್ಲಿ ತಿದ್ದಬೇಕು, ಯಾಕೆ

ನಮಸ್ಕಾರ.

ಬಾಹ್ಯಾಕಾಶದ ಕಥೆ ಹೇಳುವ ವಿಡಿಯೊ ಗೇಮ್ ಸರಣಿ ಮಾಸ್ ಎಫೆಕ್ಟ್‌ನ ಮೂರು ಗೇಮ್‌ಗಳ ಖಳರನ್ನು ತೂಗಿ ನೋಡುವ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗದು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ನೋಡುತ್ತೇನೆ. ಗೇಮ್‌ನ ಕಥೆಯ ತರ್ಕ ಹಿಡಿದು ಕನ್ನಡದಲ್ಲಿ ಜಗಳಕ್ಕೆ ಕೂರುವವರು ಕಡಿಮೆ, ನಿಮಗೆ ಆ ಚಪಲ ಇದೆ.

ನಿಮ್ಮ ವಾದವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮೊದಲ ಗೇಮ್‌ನ ಸೇರನ್ ಬರೀ ಕೈಗೊಂಬೆ, ಆದ್ದರಿಂದ ದುರ್ಬಲ ಖಳ. ರಹಸ್ಯ ಸಂಘಟನೆಯೊಂದರ ಮುಖ್ಯಸ್ಥ ಇಲ್ಯೂಸಿವ್ ಮ್ಯಾನ್ ಎಲ್ಲರಿಗಿಂತ ಮೇಲು. ಅವನ ಹಂತಕ ಕೈ ಲೆಂಗ್ ಕತ್ತಿ ಹಿಡಿದು ಓಡಾಡುವುದರಿಂದ ನಗೆಪಾಟಲು. ಮೊದಲ ಗೇಮ್‌ನ ಕಥೆಯಲ್ಲಿ ಒಂದೂ ತೂತಿಲ್ಲ, ಮೂರನೆಯದರ ಕೊನೆ ‘ಶುದ್ಧ ಮೋಸ’. ಎರಡನೆಯದರ ಕೊನೆಯ ಕಾರ್ಯಾಚರಣೆಯಾದ ಸೂಸೈಡ್ ಮಿಷನ್‌ನಲ್ಲಿ ಯಾರು ಸಾಯುತ್ತಾರೆ ಅನ್ನುವುದು ಅದೃಷ್ಟ. ನಾಯಕನ ತಂಡದ ವಿಜ್ಞಾನಿ ಮೊರ್ಡಿನ್ ಹೇಗಿದ್ದರೂ ಸಾಯುತ್ತಾನೆ, ಅದಕ್ಕೇ ಶ್ರೇಷ್ಠ ಪಾತ್ರ. ಅದೇ ತಂಡದ ಗುರಿಕಾರ ಗ್ಯಾರಸ್ ನಿಮ್ಮ ಅಚ್ಚುಮೆಚ್ಚು.

ಇವುಗಳಲ್ಲಿ ಕೆಲವು ತಪ್ಪು, ಕೆಲವು ಸರಿಯಾದರೂ ಕಾರಣ ತಪ್ಪು. ಎಲ್ಲದರ ಬೇರು ಒಂದೇ: ನೀವು ಇದನ್ನು ಸಿನಿಮಾ ನೋಡಿದವರ ಹಾಗೆ ಬರೆದಿದ್ದೀರಿ. ರೋಲ್ ಪ್ಲೇಯಿಂಗ್ ಗೇಮ್‌ನಲ್ಲಿ ಖಳ ಏನು ಮಾಡಿದ ಅನ್ನುವುದು ಅರ್ಧ ಮಾತ್ರ. ಅವನ ಎದುರು ಆಟಗಾರನಿಗೆ ಏನು ಮಾಡಲು ಬಿಟ್ಟರು, ಮಾಡಿದ್ದಕ್ಕೆ ಕಥೆ ಎಷ್ಟು ಬೆಲೆ ಕೊಟ್ಟಿತು ಅನ್ನುವುದು ಉಳಿದರ್ಧ. ಆ ಅರ್ಧ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ.

ಮೊದಲು ಕಥಾಸಾರಾಂಶದ ವಿಷಯ. ಲೇಖನದ ಮೂರನೇ ಒಂದು ಭಾಗ ಅದಕ್ಕೇ ಹೋಗಿದೆ. ಗೇಮ್ ಆಡದ ಓದುಗರಿಗೆ ಇಷ್ಟು ಸಾಕು: ‘ಇಸವಿ 2183. ಸುಮಾರು 50,000 ವರ್ಷಕ್ಕೊಮ್ಮೆ ರೀಪರ್‌ಗಳೆಂಬ ಯಂತ್ರಜೀವಿಗಳು ಬಂದು ಗ್ಯಾಲಕ್ಸಿಯ ಮುಂದುವರಿದ ಜನಾಂಗಗಳನ್ನೆಲ್ಲ ಕೊಯ್ದುಕೊಂಡು ಹೋಗುತ್ತವೆ. ಅವುಗಳ ಹತ್ತಿರ ಹೆಚ್ಚು ಕಾಲ ಇದ್ದವರ ಮನಸ್ಸು ಅವರಿಗೇ ತಿಳಿಯದಂತೆ ಅವುಗಳ ವಶವಾಗುತ್ತದೆ. ಎಲ್ಲರ ರಾಜಧಾನಿಯಾದ ಸಿಟಡೆಲ್ ನಿಲ್ದಾಣವೇ ಅವು ಒಳಬರುವ ಬಾಗಿಲು. ತಡೆಯಬೇಕಾದವರು ಕಮಾಂಡರ್ ಶೆಪರ್ಡ್, ಅಂದರೆ ಆಟಗಾರ.’ ಉಳಿದದ್ದನ್ನು ವಾದದ ನಡುವೆ ಬೇಕಾದಾಗ ಬೇಕಾದಷ್ಟೇ ಹೇಳಿ.

ಈಗ ಸೇರನ್. ಅವನು ಸಾವರಿನ್ ಎಂಬ ರೀಪರ್‌ನ ಕೈಗೊಂಬೆ ಅನ್ನುವುದು ನಿಜ. ಆದರೆ ವರ್ಮೈರ್ ಗ್ರಹದ ಅವನ ನೆಲೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ನೀವು ಬಿಟ್ಟಿದ್ದೀರಿ. ಅಲ್ಲಿ ಸೆರೆಸಿಕ್ಕ ಸಲೇರಿಯನ್ ಜನಾಂಗದ ಸೈನಿಕರ ಮೇಲೆ ಪ್ರಯೋಗ ಮಾಡಿ, ರೀಪರ್ ಮನಸ್ಸನ್ನು ಹೇಗೆ ಕಬಳಿಸುತ್ತದೆ ಎಂದು ಅವನೇ ಅಧ್ಯಯನ ಮಾಡಿಸುತ್ತಿದ್ದ. ತನಗೂ ಅದೇ ಆಗುತ್ತಿದೆಯೇನೋ ಎಂಬ ಭಯದಿಂದ ಪ್ರಯೋಗಾಲಯ ಕಟ್ಟಿಸಿದ ಕೈಗೊಂಬೆ ಅವನು. ಶರಣಾದರೆ ಕೆಲವರಾದರೂ ಉಳಿಯುತ್ತಾರೆ, ಎದುರು ನಿಂತರೆ ಯಾರೂ ಉಳಿಯುವುದಿಲ್ಲ ಎಂಬ ಅವನ ಲೆಕ್ಕಕ್ಕೆ ಆ ಹೊತ್ತಿನಲ್ಲಿ ಶೆಪರ್ಡ್ ಬಳಿಯೂ ಗಟ್ಟಿ ಉತ್ತರವಿಲ್ಲ. ಅವನನ್ನು ತಿದ್ದಲು ಜೊತೆಗೆ ಹೋದ ಬೆನೆಜಿಯಾ ತಾನೇ ವಶವಾದದ್ದನ್ನು ನೊವೇರಿಯಾ ಗ್ರಹದಲ್ಲಿ ನೋಡಿದ ಮೇಲೆ, ಸೇರನ್‌ನ ಭಯ ಉತ್ಪ್ರೇಕ್ಷೆಯಲ್ಲ ಅನ್ನುವುದೂ ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕೊನೆಯ ಭೇಟಿ. ಚಾರ್ಮ್ ಅಥವಾ ಇಂಟಿಮಿಡೇಟ್ (ಒಲಿಸುವ, ಹೆದರಿಸುವ ಮಾತಿನ ಕೌಶಲ) ಸಾಕಷ್ಟು ಏರಿಸಿಕೊಂಡಿದ್ದರೆ, ಸಿಟಡೆಲ್‌ನಲ್ಲಿ ಗ್ಯಾಲಕ್ಸಿಯ ಆಡಳಿತ ನಡೆಸುವ ಕೌನ್ಸಿಲ್‌ನ ಸಭಾಂಗಣದಲ್ಲಿ ಮಾತಿನಿಂದಲೇ ಅವನ ಬುದ್ಧಿಗೆ ಎಚ್ಚರ ತರಬಹುದು. ಅವನು ತನ್ನ ತಲೆಗೆ ತಾನೇ ಗುಂಡಿಟ್ಟುಕೊಳ್ಳುತ್ತಾನೆ. ಎರಡು ಹಂತದ ಬಾಸ್ ಫೈಟ್‌ನಲ್ಲಿ ಮೊದಲ ಹಂತ ನಡೆಯುವುದೇ ಇಲ್ಲ. ಅವನ ಹೆಣವನ್ನು ಸಾವರಿನ್ ಆಡಿಸುವ ಎರಡನೆಯದು ಮಾತ್ರ ಉಳಿಯುತ್ತದೆ. ಆಟಗಾರ ಮಾತಿನ ಕೌಶಲಕ್ಕೆ ಹಾಕಿದ ಪಾಯಿಂಟ್‌ಗಳು ಖಳನ ದುರಂತವನ್ನೇ ತಿರುಗಿಸಿದವು. ದುರ್ಬಲ ಖಳನಿಂದ ಈ ದೃಶ್ಯ ಹುಟ್ಟುವುದಿಲ್ಲ. ಸೇರನ್ ದುರ್ಬಲ ಎಂದೇ ನಿಮಗೆ ಅನಿಸಿದರೆ ಅನ್ನಿ, ಆದರೆ ಈ ದೃಶ್ಯವನ್ನು ಎದುರಿಸಿ ಅನ್ನಿ.

ಇಲ್ಯೂಸಿವ್ ಮ್ಯಾನ್ ವಿಚಾರದಲ್ಲಿ ನಿಮ್ಮ ಮೆಚ್ಚುಗೆ ಎರಡನೇ ಗೇಮ್‌ನದು, ಉದಾಹರಣೆಗಳು ಮೂರನೆಯದವು. ಎರಡನೆಯದರಲ್ಲಿ (2010) ಅವನು ಖಳನೇ ಅಲ್ಲ, ಸಂಬಳ ಕೊಡುವ ಯಜಮಾನ. ಸತ್ತ ಶೆಪರ್ಡ್‌ನನ್ನು ಎರಡು ವರ್ಷ ದುಡಿದು, 400 ಕೋಟಿ ಕ್ರೆಡಿಟ್ ಸುರಿದು ಬದುಕಿಸಿದವನು. ಅವನ ಸೊಗಸೆಲ್ಲ ಅವನ ಜೊತೆ ಕೆಲಸ ಮಾಡಬೇಕಾದ ಇರಿಸುಮುರಿಸಿನಲ್ಲಿದೆ. ಮೂರನೆಯದರಲ್ಲಿ (2012) ಅವನು ರೀಪರ್‌ಗಳ ವಶವಾದದ್ದು ತೆರೆಯ ಹಿಂದೆ ಆಗಿಹೋಗುತ್ತದೆ. ಕಡೆಯಲ್ಲಿ ಸೇರನ್‌ನ ದೃಶ್ಯವೇ ಮರುಕಳಿಸುತ್ತದೆ: ಹಿಂದಿನ ಭೇಟಿಗಳಲ್ಲೆಲ್ಲ ಸರಿಯಾದ ಮಾತು ಆರಿಸಿದ್ದರೆ ಇವನೂ ತನಗೇ ಗುಂಡು ಹೊಡೆದುಕೊಳ್ಳುತ್ತಾನೆ. ಮೊದಲ ಗೇಮ್ (2007) ಬಂದ ಐದು ವರ್ಷದ ನಂತರ ಅದೇ ಪಟ್ಟು. ನಿಮ್ಮ ಲೇಖನದಲ್ಲಿ ಈ ಹೋಲಿಕೆಯ ಸುಳಿವೂ ಇಲ್ಲ.

ಇನ್ನೊಂದು ಅಂಕಿ ಕೊಡುತ್ತೇನೆ, ಬಳಸಿಕೊಳ್ಳಿ. ಎರಡನೇ ಗೇಮ್‌ನ ಕೊನೆಯ ದೊಡ್ಡ ಪ್ರಶ್ನೆ, ರೀಪರ್‌ಗಳಿಗಾಗಿ ದುಡಿಯುವ ಕಲೆಕ್ಟರ್‌ಗಳ ನೆಲೆಯನ್ನು ಸ್ಫೋಟಿಸಬೇಕೇ, ಇಲ್ಯೂಸಿವ್ ಮ್ಯಾನ್ ಕೈಗೆ ಕೊಡಬೇಕೇ ಅನ್ನುವುದು. ಮೂರನೆಯದರಲ್ಲಿ ಇದರ ಫಲ ಏನು? ಕೊಟ್ಟಿದ್ದರೆ ರೀಪರ್‌ನ ಮೆದುಳು ಸಿಗುತ್ತದೆ, ವಾರ್ ಅಸೆಟ್ (ಕೊನೆಯ ಯುದ್ಧಕ್ಕೆ ಕೂಡುವ ಬಲದ ಅಂಕ) 110. ಸ್ಫೋಟಿಸಿದ್ದರೆ ಹೃದಯ ಸಿಗುತ್ತದೆ, 100. ಅಷ್ಟು ದೊಡ್ಡ ನೈತಿಕ ಗೊಂದಲದ ಬೆಲೆ ಹೆಚ್ಚುಕಡಿಮೆ ಹತ್ತು ಪಾಯಿಂಟ್. ‘ಆಯ್ಕೆಗಳಿಗೆ ಅರ್ಥವಿಲ್ಲ’ ಎಂದು ನೀವು ನಾಲ್ಕು ಕಡೆ ಗೊಣಗಿದ್ದೀರಿ. ಒಂದು ಕಡೆ ಈ ಲೆಕ್ಕ ಹಾಕಿದ್ದರೆ ಸಾಕಿತ್ತು.

ಕೈ ಲೆಂಗ್ ಬಗ್ಗೆ ತೀರ್ಪು ಸರಿ, ಕಾರಣ ತಪ್ಪು. ಕತ್ತಿ ದೊಡ್ಡ ವಿಷಯವಲ್ಲ. ಮನಸ್ಸಿನ ಬಲದಿಂದ ಜನರನ್ನು ಗಾಳಿಗೆ ತೂರುವವರಿರುವ ಲೋಕ ಇದು. ತೊಂದರೆ ಮೂರನೆಯದರ ಥೆಸಿಯಾ ಗ್ರಹದ ಮಿಷನ್‌ನಲ್ಲಿದೆ. ಅಲ್ಲಿ ನೀವು ಹೊಡೆಯುತ್ತೀರಿ, ಅವನ ಶೀಲ್ಡ್ ಇಳಿಯುತ್ತದೆ, ಮಂಡಿಯೂರಿ ಚಾರ್ಜ್ ಮಾಡಿಕೊಳ್ಳುತ್ತಾನೆ, ಆ ಹೊತ್ತಿಗೆ ಗನ್‌ಶಿಪ್ ಬಂದು ನಿಮ್ಮ ಮೇಲೆ ಗುಂಡು ಸುರಿಸುತ್ತದೆ. ಆಟದಲ್ಲಿ ಗೆದ್ದವರು ನೀವು. ಕೂಡಲೇ ಕಟ್‌ಸೀನ್ (ಆಟಗಾರ ನೋಡಬಹುದಷ್ಟೇ ಆದ ದೃಶ್ಯ) ಬಂದು ಶೆಪರ್ಡ್ ಸೋತರು ಅನ್ನುತ್ತದೆ. ಕೈಯಲ್ಲಿ ಗೆಲ್ಲಿಸಿ ಕಣ್ಣಲ್ಲಿ ಸೋಲಿಸಿದರೆ ಆಟಗಾರನಿಗೆ ಸಿಟ್ಟು ಬರುವುದು ಖಳನ ಮೇಲಲ್ಲ, ಬರೆದವರ ಮೇಲೆ. ಈ ಒಂದು ಮಾತಿಗೆ ಒಂದು ಇಡೀ ಪ್ಯಾರಾ ಕೊಡಿ. ಗೇಮ್ ಬರವಣಿಗೆಯಲ್ಲಿ ಇದು ಮತ್ತೆ ಮತ್ತೆ ಆಗುವ ತಪ್ಪು.

‘ಮೊದಲ ಗೇಮ್‌ನಲ್ಲಿ ತೂತಿಲ್ಲ’ ಅನ್ನುವುದನ್ನು ತೆಗೆಯಿರಿ. ಇದೆ. ಸೇರನ್ ಸಿಟಡೆಲ್‌ಗೆ ಹಿಂಬಾಗಿಲಾದ ಕಾಂಡ್ಯೂಟ್ ಹುಡುಕಿಕೊಂಡು ಗ್ರಹ ಗ್ರಹ ಅಲೆಯುತ್ತಾನೆ. ಆದರೆ ಅವನು ಸ್ಪೆಕ್ಟರ್, ಕೌನ್ಸಿಲ್‌ನ ನೆಚ್ಚಿನ ಬಂಟ. ಈಡನ್ ಪ್ರೈಮ್ ಎಂಬ ಮಾನವ ವಸಾಹತಿನ ಮೇಲೆ ದಾಳಿ ಮಾಡಿ ಬಯಲಾಗುವ ಮೊದಲು ಮುಂಬಾಗಿಲಿನಿಂದಲೇ ಹೋಗಬಹುದಿತ್ತಲ್ಲ? ಸಮರ್ಥಿಸುವವರ ಉತ್ತರ: ಒಬ್ಬನೇ ಹೋಗಿ ಪ್ರಯೋಜನವಿಲ್ಲ, ಗೋಪುರ ಹಿಡಿದು ನಿಲ್ಲಲು ಗೆತ್ ಎಂಬ ಯಂತ್ರಗಳ ಸೈನ್ಯವೇ ಒಳಗೆ ಇಳಿಯಬೇಕು, ಅದಕ್ಕೆ ಕಾಂಡ್ಯೂಟ್. ನನಗೆ ಇದು ಅರ್ಧ ಒಪ್ಪಿಗೆ. ಎರಡೂ ಪಕ್ಷ ಹೇಳಿ, ನಿಮ್ಮದು ಯಾವುದು ಅನ್ನಿ. ಹಾಗೆಯೇ, ಸಾವರಿನ್‌ಗೆ ಸೇರನ್ ಯಾಕೆ ಬೇಕಾಯಿತು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ ಎಂದು ಬರೆದಿದ್ದೀರಿ. ಐಲೋಸ್ ಗ್ರಹದಲ್ಲಿ ವಿಜಿಲ್ ಎಂಬ ಹಳೆಯ ಕೃತಕ ಬುದ್ಧಿಯ ಜೊತೆಗಿನ ಮಾತನ್ನು ಮತ್ತೊಮ್ಮೆ ಕೇಳಿ: ಸಿಟಡೆಲ್ ನೋಡಿಕೊಳ್ಳುವ ಕೀಪರ್ ಜೀವಿಗಳು ಸಂಕೇತ ಬಂದೊಡನೆ ಬಾಗಿಲು ತೆರೆಯಬೇಕಿತ್ತು, ಆದರೆ ಹಿಂದಿನ ಸಲ ಅಳಿದ ಪ್ರೋಥಿಯನ್ ಜನಾಂಗದಲ್ಲಿ ಉಳಿದ ವಿಜ್ಞಾನಿಗಳು ಆ ಸಂಕೇತವನ್ನೇ ಮೊದಲೇ ಬದಲಿಸಿಟ್ಟಿದ್ದರು. ಬಾಗಿಲನ್ನು ಒಳಗಿನಿಂದ ಕೈಯಾರೆ ತೆರೆಯುವವನೊಬ್ಬ ಬೇಕಾದದ್ದು ಅದಕ್ಕೆ. ಮೂರೂ ಗೇಮ್‌ಗಳಲ್ಲಿ ಅತಿ ಅಚ್ಚುಕಟ್ಟಾದ ಕಥಾ ಜೋಡಣೆ ಇದು, ನೀವು ಅದನ್ನೇ ಉತ್ತರವಿಲ್ಲದ ಪ್ರಶ್ನೆ ಎಂದಿದ್ದೀರಿ.

ನಿಜವಾದ ತೂತು ಬೇಕಿದ್ದರೆ ಎರಡನೆಯದರಲ್ಲಿ ಹುಡುಕಿ. ರೀಪರ್ ಐಎಫ್‌ಎಫ್ (ಹಡಗು ಮಿತ್ರನೋ ಶತ್ರುವೋ ಎಂದು ಗುರುತಿಸುವ ಸಾಧನ) ಪರೀಕ್ಷೆ ನಡೆಯುವಾಗ ತಂಡದ ಹೋರಾಟಗಾರರೆಲ್ಲ ಒಟ್ಟಿಗೆ ಒಂದು ಶಟಲ್ ಹತ್ತಿ ಹೊರಡುತ್ತಾರೆ. ಎಲ್ಲಿಗೆ, ಯಾಕೆ, ಯಾರೂ ಹೇಳುವುದಿಲ್ಲ. ಉಳಿದ ಬಹುತೇಕ ಮಿಷನ್‌ಗಳಿಗೆ ಇಬ್ಬರನ್ನೇ ಕರೆದೊಯ್ಯಲು ಬಿಡುವ ಗೇಮ್ ಇದು! ಕಲೆಕ್ಟರ್‌ಗಳು ಶೆಪರ್ಡ್‌ನ ಹಡಗು ನಾರ್ಮಂಡಿಗೆ ನುಗ್ಗಿ ಸಿಬ್ಬಂದಿಯನ್ನು ಹೊತ್ತೊಯ್ಯಬೇಕಿತ್ತು, ಅದಕ್ಕೆ ಮನೆ ಖಾಲಿ ಮಾಡಿಸಿದರು, ಅಷ್ಟೇ.

ಸೂಸೈಡ್ ಮಿಷನ್ ಅದೃಷ್ಟವಲ್ಲ, ಕೂಡಿ ಭಾಗಿಸುವ ಲೆಕ್ಕ. ಶೆಪರ್ಡ್ ಕೊನೆಯ ಹೋರಾಟಕ್ಕೆ ಇಬ್ಬರನ್ನು ಕರೆದುಕೊಂಡು ಹೋದಾಗ, ಹಿಂದೆ ಉಳಿದು ಬಾಗಿಲು ಕಾಯುವವರಿಗೆ ತಲಾ ಒಂದು ಅಂಕಿ ಇದೆ. ಗ್ಯಾರಸ್, ಗ್ರಂಟ್, ಜಯೀದ್‌ಗೆ 4. ಮಿರಾಂಡಾ, ಜೇಕಬ್, ಥೇನ್, ಸಮಾರಾ, ಲೀಜನ್‌ಗೆ 2. ಜ್ಯಾಕ್, ಟಾಲಿ, ಕಸುಮಿ, ಮೊರ್ಡಿನ್‌ಗೆ 1. ನಿಷ್ಠೆ ಗಳಿಸದವರಿಗೆ ಒಂದು ಕಡಿಮೆ. ಐದು ಅಥವಾ ಹೆಚ್ಚು ಜನ ಉಳಿದಿದ್ದರೆ ಸರಾಸರಿ 2 ಇರಬೇಕು. ಕಡಿಮೆಯಾದರೆ ಸಾವು ಶುರು, ಮೊದಲ ಸರದಿ ಮೊರ್ಡಿನ್‌ನದು. ಹನ್ನೆರಡು ಜನರ ನಿಷ್ಠೆಯನ್ನೂ ಗಳಿಸಿ, ಗ್ಯಾರಸ್ ಮತ್ತು ಗ್ರಂಟ್‌ನನ್ನು ಜೊತೆಗೆ ಕರೆದೊಯ್ದು, ಬಿಡಿಸಿದ ಸಿಬ್ಬಂದಿಯ ಬೆಂಗಾವಲಿಗೆ ಜಯೀದ್‌ನನ್ನು ಕಳಿಸಿದಿರಿ ಅನ್ನಿ. ಉಳಿದ ಒಂಬತ್ತು ಜನರ ಮೊತ್ತ 14, ಸರಾಸರಿ 1.56. ಮೊರ್ಡಿನ್ ಸತ್ತ. ಅದೇ ಮೊರ್ಡಿನ್‌ನನ್ನು ಬೆಂಗಾವಲಿಗೆ ಕಳಿಸಿ, ಟಾಲಿ ಮತ್ತು ಲೀಜನ್‌ನನ್ನು ಜೊತೆಗೆ ಕರೆದೊಯ್ದರೆ ಉಳಿದವರ ಮೊತ್ತ 22, ಸರಾಸರಿ 2.44, ಬಾಗಿಲ ಬಳಿ ಯಾರೂ ಸಾಯುವುದಿಲ್ಲ. ‘ಎಲ್ಲ ಸರಿಯಾಗಿ ಮಾಡಿದರೂ ಸತ್ತ’ ಎಂದು ನೀವು ಕೊರಗಿದ್ದಕ್ಕೆ ಕಾರಣ ಇಲ್ಲೇ ಇರಬಹುದು. ಗಟ್ಟಿಗರನ್ನೆಲ್ಲ ತನ್ನ ಜೊತೆಗೇ ಎಳೆದುಕೊಂಡು ಹೋಗುವ ನಾಯಕ ಹಿಂದಿನವರನ್ನು ಕೊಲ್ಲುತ್ತಾನೆ ಎಂಬ ಮಾತನ್ನು ಒಂದೂ ಡೈಲಾಗ್ ಇಲ್ಲದೆ ಲೆಕ್ಕವೇ ಹೇಳುತ್ತದೆ. ಬರೆಯಬೇಕಾದದ್ದು ಇದನ್ನು.

ಮೊರ್ಡಿನ್ ಬಗ್ಗೆ ನಿಮ್ಮ ಪ್ಯಾರಾ ಇಡೀ ಲೇಖನದಲ್ಲಿ ಚೆನ್ನಾಗಿದೆ, ಆದರೆ ತಪ್ಪು ಮಾಹಿತಿಯ ಮೇಲೆ ನಿಂತಿದೆ. ಮೂರನೇ ಗೇಮ್‌ನಲ್ಲಿ ಕ್ರೋಗನ್ ಜನಾಂಗದ ತವರು ಗ್ರಹ ಟುಚಾಂಕಾದಲ್ಲಿ ಅವನನ್ನು ಉಳಿಸಬಹುದು. ಷರತ್ತುಗಳು ಇವು: ಮೊದಲ ಗೇಮ್‌ನ ವರ್ಮೈರ್‌ನಲ್ಲಿ ಶೆಪರ್ಡ್ ತಂಡದ ಕ್ರೋಗನ್ ಯೋಧ ರೆಕ್ಸ್ ಸತ್ತು, ಕ್ರೋಗನ್‌ರ ನಾಯಕತ್ವ ಯುದ್ಧಕೋರ ರೀವ್ ಕೈಗೆ ಹೋಗಿರಬೇಕು. ಎರಡನೆಯದರಲ್ಲಿ ಮೊರ್ಡಿನ್‌ನ ಹಳೆಯ ಶಿಷ್ಯ ಮೇಲನ್‌ನ ಔಷಧ ಸಂಶೋಧನೆಯನ್ನು ನಾಶ ಮಾಡಿರಬೇಕು. ಆಗ ಔಷಧಕ್ಕೆ ಆಧಾರವಾದ ಕ್ರೋಗನ್ ಹೆಣ್ಣು ಈವ್ ಬದುಕುವುದಿಲ್ಲ. ಇಷ್ಟಾಗಿದ್ದರೆ, ಕ್ರೋಗನ್‌ರ ಸಂತಾನವನ್ನು ಸಾವಿರಕ್ಕೆ ಒಂದಕ್ಕೆ ಇಳಿಸಿದ ಜೀನೊಫೇಜ್ ಎಂಬ ಕೃತಕ ರೋಗಕ್ಕೆ ಔಷಧ ಕೊಡುವುದು ಬೇಡ ಎಂದು ಅವನನ್ನೇ ಒಪ್ಪಿಸಬಹುದು. ಅಂದರೆ ಕ್ರೋಗನ್‌ರಿಗೆ ಒಳ್ಳೆಯ ನಾಳೆ ಇಲ್ಲದ ಲೋಕದಲ್ಲಿ ಮಾತ್ರ ಮೊರ್ಡಿನ್ ಬದುಕುತ್ತಾನೆ. ರೆಕ್ಸ್, ಈವ್ ಇಬ್ಬರೂ ಇರುವ ಲೋಕದಲ್ಲಿ ಅವನನ್ನು ತಡೆಯಬೇಕೆಂದರೆ ಬೆನ್ನಿಗೆ ಗುಂಡು ಹೊಡೆಯಬೇಕು, ಆಮೇಲೆ ವಿಷಯ ತಿಳಿದ ರೆಕ್ಸ್ ಬಂದೂಕು ಹಿಡಿದು ಸಿಟಡೆಲ್‌ಗೇ ಬರುತ್ತಾನೆ. ಮೂರು ಗೇಮ್‌ಗಳ ಸೇವ್ ಫೈಲ್ ಒಂದು ಪಾತ್ರದ ಆತ್ಮಸಾಕ್ಷಿಯನ್ನು ಹೀಗೆ ಕಟ್ಟಿದ್ದು ಸಣ್ಣ ಸಂಗತಿಯಲ್ಲ. ನಿಮ್ಮ ‘ಸಾಯಲೇಬೇಕು’ ಇದರ ಮುಂದೆ ಸಪ್ಪೆ.

ಇನ್ನು ಮೂರನೆಯದರ ಕೊನೆಯ ಬಗ್ಗೆ. ನೀವು ಆಡಿದ್ದು ಮೂರೂ ಗೇಮ್ ಸೇರಿಸಿ ಮತ್ತೆ ತಂದ 2021ರ ಲೆಜೆಂಡರಿ ಎಡಿಷನ್ ಎಂದು ನೀವೇ ಹೇಳಿದ್ದೀರಿ. ಅದರಲ್ಲಿರುವುದು 2012ರ ಜೂನ್‌ನಲ್ಲಿ ಉಚಿತವಾಗಿ ಬಂದ ಎಕ್ಸ್‌ಟೆಂಡೆಡ್ ಕಟ್ ಸೇರಿಸಿದ ಕೊನೆ. ಗೇಮ್ ಬಂದ ಮಾರ್ಚ್‌ನಲ್ಲಿ ಜನ ಸಿಟ್ಟಾದದ್ದು ಬೇರೆ ಕೊನೆ ನೋಡಿ. ಅಂದಿನ ಸಿಟ್ಟನ್ನು ಇಂದಿನ ಕೊನೆಗೆ ಅಂಟಿಸಿದರೆ ಬಲ್ಲ ಓದುಗ ಅಲ್ಲೇ ಪುಟ ಮುಚ್ಚುತ್ತಾನೆ. ಒಂದು ವ್ಯತ್ಯಾಸ ನೋಡಿ: 2011ರ ಅರೈವಲ್ ಡಿಎಲ್‌ಸಿಯಲ್ಲಿ (ಗೇಮ್‌ಗೆ ಆಮೇಲೆ ಸೇರಿಸಿದ ಭಾಗ) ನಕ್ಷತ್ರಗಳ ನಡುವೆ ಹಡಗುಗಳನ್ನು ದಾಟಿಸುವ ಒಂದು ಮಾಸ್ ರಿಲೇ ಸಿಡಿದು, ಬಟೇರಿಯನ್ ಜನಾಂಗದ ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದ ಇಡೀ ಸೌರಮಂಡಲ ಸುಟ್ಟುಹೋಗಿತ್ತು. ಮರುವರ್ಷ ಮೂಲ ಕೊನೆಯಲ್ಲಿ ಎಲ್ಲ ರಿಲೇಗಳೂ ಸಿಡಿದವು. ಹಾಗಾದರೆ ಎಲ್ಲರೂ ಸತ್ತರೇ ಎಂದು ಜನ ಕೇಳಿದ್ದು ಹಟವಲ್ಲ, ಗೇಮ್ ತಾನೇ ಕಲಿಸಿದ ಪಾಠ. ಎಕ್ಸ್‌ಟೆಂಡೆಡ್ ಕಟ್ ರಿಲೇಗಳು ಜಖಂ ಆದವು ಅಷ್ಟೇ ಎಂದು ತಿದ್ದಿತು.

ತಿದ್ದಲಾಗದೆ ಉಳಿದದ್ದು ರೀಪರ್‌ಗಳನ್ನು ನಡೆಸುವ ಕೃತಕ ಬುದ್ಧಿ ಕ್ಯಾಟಲಿಸ್ಟ್‌ನ ವಾದ: ಯಂತ್ರಗಳು ಎಂದಾದರೂ ತಮ್ಮನ್ನು ಮಾಡಿದವರನ್ನು ಅಳಿಸಿಯೇ ತೀರುತ್ತವೆ. ರಾನಾಕ್ ಗ್ರಹದಲ್ಲಿ ಗೆತ್ ಮತ್ತು ಅವುಗಳನ್ನು ಮಾಡಿದ ಕ್ವೇರಿಯನ್‌ರ ನಡುವೆ ಸಂಧಿ ಮಾಡಿಸಿ ಬಂದ ಆಟಗಾರನ ಬಳಿ ಇದು ತಪ್ಪು ಎನ್ನಲು ಜೀವಂತ ಸಾಕ್ಷಿ ಇದೆ. ಆದರೆ ಅದನ್ನು ಮುಂದಿಡಲು ಒಂದು ಡೈಲಾಗ್ ಆಯ್ಕೆಯೂ ಇಲ್ಲ. ‘ಮೋಸ’ ಎನ್ನುವ ಬದಲು ಇದನ್ನು ಹೇಳಿ. ರೀಪರ್‌ಗಳ ಮೂಲವನ್ನು ವಿವರಿಸುವ ಲೆವಾಯತನ್ ಡಿಎಲ್‌ಸಿ 2012ರ ಆಗಸ್ಟ್‌ನಲ್ಲಿ ದುಡ್ಡಿಗೆ ಬಂತು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಗ್ಯಾರಸ್‌ಗೆ ನೀವು ಕೊಟ್ಟ ವಿಶೇಷಣಗಳು ‘ಕೂಲ್’, ‘ಮಾಸ್’, ‘ದೋಸ್ತ್ ಅಂದ್ರೆ ಹೀಗಿರಬೇಕು’. ಇವುಗಳಿಂದ ಏನೂ ಕಾಣುವುದಿಲ್ಲ. ಎರಡನೆಯದರಲ್ಲಿ, ಒಮೆಗಾ ನಿಲ್ದಾಣದಲ್ಲಿ ತನ್ನ ತಂಡವನ್ನು ಬಲಿಕೊಟ್ಟ ಸಿಡೋನಿಸ್‌ಗೆ ಅವನು ಗುರಿಯಿಟ್ಟಾಗ ನೀವು ಅಡ್ಡ ನಿಂತಿರೋ, ಪಕ್ಕಕ್ಕೆ ಸರಿದಿರೋ? ಮೂರನೆಯದರಲ್ಲಿ ಸಿಟಡೆಲ್‌ನ ಮೇಲೆ ಬಾಟಲಿ ಹೊಡೆಯುವ ಪಂದ್ಯದಲ್ಲಿ ಬೇಕೆಂದೇ ಗುರಿ ತಪ್ಪಿಸಿ ಅವನನ್ನು ಗೆಲ್ಲಿಸಬಹುದು, ನೀವು ಗೆಲ್ಲಿಸಿದಿರಾ? ಶೆಪರ್ಡ್ ತಂಡದಲ್ಲಿ ಮೂರೂ ಗೇಮ್ ಪೂರ್ತಿ ಜೊತೆ ಬರುವವರು ಗ್ಯಾರಸ್ ಮತ್ತು ಟಾಲಿ ಇಬ್ಬರೇ. ಅಷ್ಟು ದೀರ್ಘ ಒಡನಾಟ ಕೊಟ್ಟ ಪಾತ್ರಕ್ಕೆ ಎರಡು ದೃಶ್ಯವಾದರೂ ಬಿಡಿಸಿ ಬರೆಯಿರಿ. ಮಾತಾಡಲು ಹೋದಾಗಲೆಲ್ಲ ಅವನು ಕ್ಯಾಲಿಬ್ರೇಷನ್ ನೆಪ ಹೇಳುವ ಜೋಕ್ ಒಂದು ಸಲ ಸಾಕು, ಆರು ಸಲ ಇದೆ.

ಸರಣಿಯ ಮುಂದಿನ ಗೇಮ್ ಆಂಡ್ರೊಮಿಡಾ ಬಗ್ಗೆ ಇರುವ ಪ್ಯಾರಾ ತೆಗೆಯಿರಿ, ಈ ವಾದಕ್ಕೆ ಸೇರದು. ಲೆಜೆಂಡರಿ ಎಡಿಷನ್‌ನಲ್ಲಿ ‘ಎಲ್ಲ ಡಿಎಲ್‌ಸಿ ಇದೆ’ ಅನ್ನುವುದೂ ತಪ್ಪು, ಮೊದಲ ಗೇಮ್‌ನ ಪಿನಾಕಲ್ ಸ್ಟೇಷನ್ ಇಲ್ಲ. ಯಾವ ಗೇಮ್, ಯಾವ ಮಿಷನ್, ಯಾವ ಆಯ್ಕೆ ಎಂಬುದು ಪ್ರತಿ ವಾದದ ಜೊತೆಗೂ ಇರಲಿ. ಮೇಲ್ಗಡೆ ಸ್ಪಾಯ್ಲರ್ ಎಚ್ಚರಿಕೆ ಹಾಕಿ. ಗಾತ್ರ 2,000 ಪದ ದಾಟದಿರಲಿ. ಜಾಗ ಸಾಲದಿದ್ದರೆ ಖಳರ ಪಟ್ಟಿಯಿಂದ ಹಾರ್ಬಿಂಜರ್ ಎಂಬ ರೀಪರ್‌ನನ್ನು ಬಿಟ್ಟುಬಿಡಿ. ಎರಡನೆಯದರಲ್ಲಿ ಅಷ್ಟು ಅಬ್ಬರಿಸಿ ಮೂರನೆಯದರಲ್ಲಿ ಲಂಡನ್‌ಗೆ ಬಂದು ಕಿರಣ ಬಿಟ್ಟು ಹೋಗುವವನ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ.