ಕೊಕ್ಕರೆ ರೋಗ ಬಂದುಹೋದ ಕೋಳಿ ಶೆಡ್ಡಿಗೆ ಯಾವ ಔಷಧಿ ಹೊಡೆಯಬೇಕು? ಹೊಸ ಮರಿ ಯಾವಾಗ ಬಿಡಬಹುದು?

ಹೊಳಲ್ಕೆರೆ ಹತ್ತಿರ ತೋಟದ ಶೆಡ್ಡಿನಲ್ಲಿ 60 ನಾಟಿ ಕೋಳಿ ಇದ್ದವು, ಒಂದೇ ವಾರದಲ್ಲಿ 48 ಸತ್ತವು, 12 ಉಳಿದಿವೆ ಅಂತ ಬರೆದಿದ್ದೀರಿ. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಂಡು ಗಿರಕಿ ಹೊಡೆಯುವುದು. ಓದಿದರೆ ಕೊಕ್ಕರೆ ರೋಗದ ಹಾಗೇ ಇದೆ. ಡಾಕ್ಟರುಗಳು ರಾಣಿಖೇತ್ ಅನ್ನುವುದು ಇದಕ್ಕೇ. ಆದರೆ ಹಕ್ಕಿಜ್ವರವೂ ಹೀಗೇ ಕಾಣಬಹುದು. ಕಣ್ಣಲ್ಲಿ ನೋಡಿ ಯಾರೂ ಗ್ಯಾರಂಟಿ ಹೇಳಲಾರರು. ಅದಕ್ಕೇ ಮೊದಲು ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಈಚೆಗೆ ಸತ್ತ ಕೋಳಿ ಇದ್ದರೆ ಡಾಕ್ಟರು ಬರುವ ತನಕ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನು ಔಷಧಿ ವಿಷಯ. ನಾನು ಮಲೇಬೆನ್ನೂರು ಕಡೆಯವನು. ಕೆಲವು ವರ್ಷದ ಹಿಂದೆ ನನ್ನ 80 ಗಿರಿರಾಜ ಕೋಳಿಗೂ ಇದೇ ಗತಿ ಆಯಿತು. ಆಗ ನಾನು ಮಾಡಿದ್ದು ಕೇಳಿ. ದುಬಾರಿ ಔಷಧಿ ತಂದು, ಭತ್ತಕ್ಕೆ ಹೊಡೆಯುವ ಕ್ಯಾನಿಗೆ ತುಂಬಿ, ನೆಲದ ಹೊಟ್ಟು, ಹಿಕ್ಕೆ ಎಲ್ಲದರ ಮೇಲೂ ಸುಮ್ನೆ ಹೊಡೆದೆ. ಶೆಡ್ಡೆಲ್ಲಾ ಆಸ್ಪತ್ರೆ ವಾಸನೆ. ಮನಸ್ಸಿಗೆ ಸಮಾಧಾನ ಆಯಿತು. ಹದಿನೈದು ದಿನಕ್ಕೆ ಸಂತೆಯಿಂದ 30 ಕೋಳಿ ತಂದು ಬಿಟ್ಟೆ. ಒಂಬತ್ತನೇ ದಿನ ಒಂದು ಹುಂಜ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಾ ಕೂತಿತು. ಅಲ್ಲಿಗೆ ಮುಗೀತು.

ಡಾಕ್ಟರು ಬಂದವರು ಕೋಳಿ ನೋಡುವ ಮೊದಲು ಕೋಳಿ ಕೂರುವ ಬಿದಿರಿನ ಗಳದ ಕೆಳಗೆ ಕೈ ಹಾಕಿದರು. ಉಗುರಿನಿಂದ ಕೆರೆದರೆ ಹೆಬ್ಬೆರಳಗಲ ಹಿಕ್ಕೆಯ ಚಕ್ಕೆ ಕಿತ್ತು ಬಂತು. ಮೇಲೆ ಗಟ್ಟಿ, ಮುರಿದರೆ ಒಳಗೆ ಇನ್ನೂ ಹಸಿ. 'ಏನ್ರೀ, ನಿಮ್ಮ ಔಷಧಿ ಇದರೊಳಗೆ ಹೋಗೈತೇನ್ರೀ?' ಅಂದರು. ರೋಗ ಹಳೇ ಹಿಕ್ಕೆಯಿಂದ ಬಂತೋ, ಸಂತೆ ಕೋಳಿ ಜೊತೆ ಬಂತೋ, ಎರಡಕ್ಕೂ ನಾನೇ ದಾರಿ ಮಾಡಿಕೊಟ್ಟಿದ್ದೆ.

ಕೊಳೆಯ ಮೇಲೆ ಬಿದ್ದ ಔಷಧಿಯ ಶಕ್ತಿ ಆ ಕೊಳೆಯಲ್ಲೇ ಖರ್ಚಾಗುತ್ತದೆ. ಹಾಗಾಗಿ ಕ್ಯಾನ್ ಪಕ್ಕಕ್ಕಿಡಿ, ಸಲಿಕೆ ಹಿಡಿಯಿರಿ. ಹಳೇ ಹೊಟ್ಟಿಗೆ ಸ್ವಲ್ಪ ನೀರು ಚಿಮುಕಿಸಿ, ಧೂಳು ಏಳಬಾರದು. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಈ ವೈರಸ್ ನಮಗೂ ಕಣ್ಣು ಕೆಂಪು ಮಾಡುತ್ತದೆ, ನನಗೆ ನಾಲ್ಕು ದಿನ ಕಣ್ಣುರಿ ಇತ್ತು. ಬಾಚಿದ್ದನ್ನು ಆಳ ಗುಂಡಿಗೆ ಹಾಕಿ, ಸುಣ್ಣ ಚೆಲ್ಲಿ ಮುಚ್ಚಿ. ಸತ್ತ ಕೋಳಿಗೂ ಅದೇ ಗುಂಡಿ. ನಮ್ಮ ಕಡೆ ಭದ್ರಾ ಚಾನಲ್ಲಿಗೆ ಎಸೆದು ಕೈ ತೊಳೆದುಕೊಳ್ಳುವವರು ಇದ್ದಾರೆ. ಕೆಳಗಿನ ಊರಿನವರ ಕೋಳಿ ಏನು ಪಾಪ ಮಾಡಿತ್ತು?

ಆಮೇಲೆ ನೆಲ, ಗೋಡೆ, ಗಳ ಎಲ್ಲಾ ಕೆರೆದು ಸೋಪಿನ ಪುಡಿ ಕಲೆಸಿದ ನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಸೋಪು ಬರೀ ಕೊಳೆ ತೆಗೆಯುವುದಿಲ್ಲ. ಕೊಕ್ಕರೆ ರೋಗದ ವೈರಸ್ಸಿಗೂ ಹಕ್ಕಿಜ್ವರದ ವೈರಸ್ಸಿಗೂ ಮೇಲೆ ಕೊಬ್ಬಿನ ಪೊರೆ ಇರುತ್ತದೆ, ಸೋಪು ಆ ಪೊರೆಯನ್ನೇ ಕರಗಿಸುತ್ತದೆ. ಮೂರರಿಂದ ಆರು ವಾರದ ಮರಿಗಳಿಗೆ ಬಿಳಿ ಭೇದಿ ಆಗುವ ಗಂಬೋರೋ ಕಾಯಿಲೆ ಆಗಿದ್ದರೆ ಇಷ್ಟು ಸಲೀಸಲ್ಲ. ಅದರ ವೈರಸ್ಸಿಗೆ ಆ ಪೊರೆಯೇ ಇಲ್ಲ, ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಯಾವ ಕಾಯಿಲೆ ಅಂತ ಮೊದಲು ತಿಳಿದುಕೊಳ್ಳಿ ಅಂದದ್ದು ಇದಕ್ಕೂ ಸೇರಿಸಿಯೇ.

ತೊಳೆದದ್ದು ಒಣಗಲಿ. ಈಗ ಔಷಧಿ. ದುಬಾರಿಯದ್ದೇ ಬೇಕಂತಿಲ್ಲ. ಹೊಸ ಪ್ಯಾಕೆಟ್ ಬ್ಲೀಚಿಂಗ್ ಪೌಡರ್, ಲೀಟರ್ ನೀರಿಗೆ 30 ಗ್ರಾಂ, ಅವತ್ತೇ ಕಲೆಸಿ ಅವತ್ತೇ ಬಳಸಿ. ಹೋದ ವರ್ಷ ಒಡೆದಿಟ್ಟ ಪ್ಯಾಕೆಟ್ ಇದ್ದರೆ ರಂಗೋಲಿ ಪುಡಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಹತ್ತು ನಿಮಿಷವಾದರೂ ನೆಲ, ಗೋಡೆ ಒದ್ದೆಯಾಗಿರಬೇಕು. ಇದಕ್ಕೆ ಆಸಿಡ್, ಫಿನಾಯಿಲ್ ಏನನ್ನೂ ಬೆರೆಸಬೇಡಿ. ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಒಣಗಿದ ಮೇಲೆ ಗೋಡೆಗೆ ಸುಣ್ಣ ಬಳಿಯಿರಿ. ಆಮೇಲೆ ಬಾಗಿಲು ತೆಗೆದಿಟ್ಟು ಚಿತ್ರದುರ್ಗದ ಬಿಸಿಲಿಗೆ ಬಿಟ್ಟುಬಿಡಿ.

ಗಾಳಿ ತಡೆಯಲು ಅಂತ ಪಕ್ಕಕ್ಕೆ ಗೋಣಿಚೀಲ ಕಟ್ಟಿರುತ್ತೀರಲ್ವಾ? ಅದನ್ನು ಸುಟ್ಟುಬಿಡಿ, ರಟ್ಟಿನ ಮೊಟ್ಟೆ ಟ್ರೇಯನ್ನೂ. ನಾನು ನೆಲ ತಿಕ್ಕಿ ತಿಕ್ಕಿ ಸೋತು ಆ ಚೀಲ ಮರೆತಿದ್ದೆ. ಕೊಡವಿದರೆ ಪುಕ್ಕದ ಧೂಳು ಹೊಗೆಯ ಹಾಗೆ ಎದ್ದಿತ್ತು.

ಬಾಗಿಲಲ್ಲಿ ಕಾಲು ಅದ್ದುವ ಟ್ರೇ ಇಡಿ ಅಂತ ಎಲ್ಲರೂ ಹೇಳುತ್ತಾರೆ. ದಿನಾ ನೀರು ಬದಲಾಯಿಸುವವರಿಗೆ ಒಳ್ಳೆಯದೇ. ನನ್ನ ಟ್ರೇ ಮೂರು ದಿನಕ್ಕೆ ಕೆಸರು ಗದ್ದೆ ಆಗುತ್ತಿತ್ತು. ಈಗ ಶೆಡ್ಡಿನೊಳಗೇ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟಿದ್ದೇನೆ. ಅದು ಹೊರಗೆ ಬರುವುದಿಲ್ಲ, ಹೊರಗಿನದ್ದು ಒಳಗೆ ಹೋಗುವುದಿಲ್ಲ. ಕೋಳಿ ಕೊಳ್ಳಲು ಬರುವ ವ್ಯಾಪಾರಿಯನ್ನೂ ಗೇಟಿನ ಹೊರಗೇ ನಿಲ್ಲಿಸುತ್ತೇನೆ. ಹತ್ತು ಮನೆಯ ಹಿಕ್ಕೆ ಅವನ ಕಾಲಲ್ಲಿರುತ್ತದೆ, ಪಾಪ, ಅವನ ತಪ್ಪಲ್ಲ.

ಉಳಿದ 12 ಕೋಳಿ ನೋಡಲು ಚೆನ್ನಾಗಿದ್ದರೂ ಕೆಲವು ವಾರ ವೈರಸ್ ಹೊರಹಾಕಬಹುದು. ಸಂತೆಗೆ ಒಯ್ಯಬೇಡಿ, ಹೊಸ ಮರಿಗಳ ಜೊತೆ ಬಿಡಬೇಡಿ. ನಮ್ಮಲ್ಲಿ ಕತ್ತು ಸೊಟ್ಟಗಾದ ಒಂದು ಹ್ಯಾಟೆಯನ್ನು ತೆಗೆಯಲು ಅವ್ವ ಬಿಡಲಿಲ್ಲ. 'ಬದುಕೈತೆ ಅಂದ್ರೆ ಗಟ್ಟಿ ಜೀವ ಕಣೋ' ಅಂತ ಹಿತ್ತಲಲ್ಲಿ ಬೇರೆ ಬುಟ್ಟಿ ಇಟ್ಟು ಸಾಕಿದಳು. ಕಾಳಿಗೆ ಕುಕ್ಕಿದರೆ ಅದರ ಕೊಕ್ಕು ಎರಡು ಬೆರಳು ಪಕ್ಕಕ್ಕೆ ಬೀಳುತ್ತಿತ್ತು. ಹಾಗೇ ಎರಡು ವರ್ಷ ಬದುಕಿತು.

ಶೆಡ್ಡು ಒಂದು ತಿಂಗಳು ಖಾಲಿ ಇರಲಿ. ಆಮೇಲೆ ಹ್ಯಾಚರಿಯಿಂದ ಒಂದೇ ವಯಸ್ಸಿನ ಮರಿ ತನ್ನಿ. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಇನ್ನೊಂದು ಸಲ. ಎಂಟು ವಾರಕ್ಕೆ ಅದೇ ರೋಗದ ಇನ್ನೊಂದು ಲಸಿಕೆ ಆರ್‌2ಬಿ, ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಎಂ.ಎಲ್. ಇದನ್ನು ಆಸ್ಪತ್ರೆಯವರ ಕೈಲೇ ಹಾಕಿಸಿ. ಲಸಿಕೆಯನ್ನು ಐಸ್ ಹಾಕಿದ ಥರ್ಮಾಸಿನಲ್ಲಿ ತರಬೇಕು, ಕಲೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಸಣ್ಣ ಸೀಸೆಯಲ್ಲೇ 100 ಕೋಳಿಗೆ ಆಗುವಷ್ಟು ಇರುತ್ತದೆ. ಉಳಿದದ್ದನ್ನು ಚೆಲ್ಲುವ ಬದಲು ನಾನು ಅಕ್ಕಪಕ್ಕದ ಆರು ಮನೆಯವರನ್ನು ಸೇರಿಸಿಕೊಂಡಿದ್ದೇನೆ. ಸಂಜೆ ಕೋಳಿ ಗೂಡು ಸೇರಿದ ಮೇಲೆ ಹೊರಟರೆ ಹಿಡಿಯಲು ಓಡಾಟ ಇಲ್ಲ. ಒಬ್ಬರು ಟಾರ್ಚ್ ಹಿಡಿಯುತ್ತಾರೆ, ಒಬ್ಬರು ಕೋಳಿ ಹಿಡಿಯುತ್ತಾರೆ, ನಾನು ಹನಿ ಹಾಕುತ್ತೇನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಮೂವರೂ ಕೈಕಾಲು ಸೋಪಲ್ಲಿ ತೊಳೆಯುತ್ತೇವೆ.

ಆ 12 ಕೋಳಿ ಈಗ ಎಲ್ಲಿವೆ ಅಂತ ನೀವು ಬರೆದಿಲ್ಲ. ಹಳೇ ಶೆಡ್ಡಿನಲ್ಲೇ ಇದ್ದರೆ ಸಲಿಕೆ ಹಿಡಿಯುವ ಮೊದಲು ಅವನ್ನು ಬೇರೆ ಕಡೆ ಸಾಗಿಸಿ.