ಒತ್ತೆಯಿಟ್ಟ ಮಗ: ನಿಮ್ಮ ನೀಳ್ಗತೆಯ ಬಗ್ಗೆ

ಮಾನ್ಯರೇ,

ಇಂಗ್ಲೆಂಡಿನ ಸರದಾರ ವಿಲಿಯಂ ಮಾರ್ಷಲ್‌ನ ಬದುಕನ್ನು ಕುರಿತು ನೀವು ಕಳುಹಿಸಿದ ನಲವತ್ತೆರಡು ಪುಟಗಳ ನೀಳ್ಗತೆಯನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಕೈಯಲ್ಲಿ ಒಂದು ಅಪರೂಪದ ಕಥೆಯಿದ್ದು ಅದು ನಿಮಗೇ ಕಂಡಿಲ್ಲ ಎನ್ನಿಸಿದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಹನ್ನೊಂದು ಪುಟಗಳನ್ನು ತೆಗೆದುಬಿಡಿ. 1135ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿ ತೀರಿಕೊಂಡದ್ದು, ಅವನ ಮಗಳು ಮೆಟಿಲ್ಡಾಗೆ ನಿಷ್ಠೆಯ ಪ್ರಮಾಣ ಮಾಡಿದ್ದವರೇ ಸೋದರಳಿಯ ಸ್ಟೀಫನ್‌ನನ್ನು ಪಟ್ಟಕ್ಕೇರಿಸಿದ್ದು, 1141ರಲ್ಲಿ ಸ್ಟೀಫನ್ ಲಿಂಕನ್‌ನಲ್ಲಿ ಸೆರೆಸಿಕ್ಕದ್ದು, ಮರುವರ್ಷ ಮೆಟಿಲ್ಡಾ ಹಿಮದ ಮೇಲೆ ನಡೆದು ಆಕ್ಸ್‌ಫರ್ಡಿನಿಂದ ತಪ್ಪಿಸಿಕೊಂಡದ್ದು ಎಲ್ಲವೂ ಸರಿಯಾಗಿಯೇ ಇದೆ. ಆದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇರುವಂತೆ ಇದೆ. ವಿಲಿಯಂ ಹುಟ್ಟುವುದೇ 1147ರ ಸುಮಾರಿಗೆ; ಅಲ್ಲಿಯವರೆಗೆ ಓದುಗನನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳಬೇಡಿ.

ನಿಮ್ಮ ಹದಿನಾಲ್ಕನೆಯ ಪುಟದಲ್ಲಿ ಹೀಗೊಂದು ವಾಕ್ಯವಿದೆ: ‘ಬಾಲ್ಯದಲ್ಲಿ ಕೆಲಕಾಲ ಸ್ಟೀಫನ್‌ನ ಒತ್ತೆಯಾಳಾಗಿದ್ದ ವಿಲಿಯಂ, ದೊರೆಯೊಡನೆ ಬಾಳೆಗಿಡಗಳ ನೆರಳಿನಲ್ಲಿ ಆಟವಾಡುತ್ತಾ ದಿನ ಕಳೆದನು.’ ಇದು ನಡೆದ ಇಂಗ್ಲೆಂಡಿನ ನ್ಯೂಬರಿಯಲ್ಲಿ ಬಾಳೆ ಎಲ್ಲಿಂದ ಬಂತು? ನೀವು ಓದಿದ ಇಂಗ್ಲಿಷಿನಲ್ಲಿ ‘ಪ್ಲಾಂಟೇನ್’ ಎಂದಿದ್ದಿರಬೇಕು. ಅದು ಹುಲ್ಲಿನ ನಡುವೆ ನೆಟ್ಟಗೆ ದಂಟು ಎಬ್ಬಿಸಿ ತುದಿಯಲ್ಲಿ ಪುಟ್ಟ ತೆನೆ ಬಿಡುವ ಒಂದು ಕಳೆಗಿಡ. ಹುಲ್ಲುಹೂವು ಹಾಸಿದ ಗುಡಾರದಲ್ಲಿ ದೊರೆ ಒಂದು ದಂಟು, ಐದಾರು ವರ್ಷದ ಹುಡುಗ ಒಂದು ದಂಟು ಹಿಡಿದು, ಒಬ್ಬರ ದಂಟಿಗೆ ಇನ್ನೊಬ್ಬರು ಹೊಡೆದು ತಲೆ ಹಾರಿಸುವ ‘ಸವಾರರ ಆಟ’ ಆಡುತ್ತಾರೆ. ಹುಡುಗ ದೊರೆಯ ಸವಾರನ ತಲೆ ಹಾರಿಸಿ ಕುಣಿಯುತ್ತಾನೆ. ಬಾಳೆಯ ನೆರಳು ಹಾಕಿ ನೀವು ಈ ದೃಶ್ಯವನ್ನೇ ಮುಚ್ಚಿಬಿಟ್ಟಿದ್ದೀರಿ.

ಅದರ ಹಿಂದುಮುಂದನ್ನೂ ಬಿಟ್ಟಿದ್ದೀರಿ. 1152ರಲ್ಲಿ ಸ್ಟೀಫನ್ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಹುಡುಗನ ತಂದೆ ಜಾನ್ ಮಾರ್ಷಲ್ ಕದನವಿರಾಮ ಕೇಳಿ, ಮಾತಿಗೆ ಈಡಾಗಿ ಮಗನನ್ನು ಒಪ್ಪಿಸಿದ. ಸಿಕ್ಕ ದಿನಗಳಲ್ಲಿ ಶರಣಾಗುವ ಬದಲು ಕೋಟೆಗೆ ದವಸಧಾನ್ಯ, ಆಳುಗಳನ್ನು ತುಂಬಿಸಿಕೊಂಡ. ಮಗನನ್ನು ಗಲ್ಲಿಗೇರಿಸುತ್ತೇವೆಂದು ಹೇಳಿಕಳಿಸಿದರೆ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಮಾಡಲು ತನ್ನ ಬಳಿ ಸುತ್ತಿಗೆಯೂ ಅಡೆಗಲ್ಲೂ ಇವೆ ಎಂದು ಉತ್ತರ ಕೊಟ್ಟನಂತೆ. ನೇಣಿಗೆ ಕರೆದೊಯ್ಯುವಾಗ ಹುಡುಗ ಪಕ್ಕದ ಸರದಾರನ ಕೈಯಲ್ಲಿದ್ದ ಈಟಿಯನ್ನು ಆಡಲು ಕೇಳಿದ, ಕಲ್ಲೆಸೆಯುವ ಯಂತ್ರವನ್ನು ಕಂಡು ಉಯ್ಯಾಲೆಯೆಂದುಕೊಂಡ, ಸ್ಟೀಫನ್‌ಗೆ ಕೊಲ್ಲಲು ಮನಸ್ಸು ಬರಲಿಲ್ಲ. ಇಷ್ಟನ್ನು ಬಿಟ್ಟು ನೀವು 1217ರ ಲಿಂಕನ್ ಕಾಳಗಕ್ಕೆ ಒಂಬತ್ತು ಪುಟ ಕೊಟ್ಟಿದ್ದೀರಿ. ಎಪ್ಪತ್ತರ ಮುದುಕ ವಿಲಿಯಂ ಶಿರಸ್ತ್ರಾಣ ಹಾಕಿಕೊಳ್ಳುವುದನ್ನೇ ಮರೆತು ಕುದುರೆ ಓಡಿಸಿದ ಪ್ರಸಂಗವನ್ನು ಮಾತ್ರ ಉಳಿಸಿಕೊಳ್ಳಿ. ಅದನ್ನು ನಿಜಕ್ಕೂ ಚೆನ್ನಾಗಿ ಬರೆದಿದ್ದೀರಿ.

ಜಾನ್ ಮಾರ್ಷಲ್‌ನನ್ನು ‘ಕಟುಕ’ ಎಂದು ಕರೆದು ಮುಂದೆ ಹೋಗಿರುವುದು ಸುಲಭದ ದಾರಿ. ಅವನು ಮೊದಲು ಸ್ಟೀಫನ್‌ನ ಪಕ್ಷದಲ್ಲಿದ್ದವನು. ಮೆಟಿಲ್ಡಾ ಕಡೆ ಬಂದ ಮೇಲೆ 1141ರಲ್ಲಿ ವೆರ್ವೆಲ್‌ನ ಮಠದಲ್ಲಿ ಸಿಕ್ಕಿಬಿದ್ದು, ಉರಿಯುವ ಗೋಪುರದಿಂದ ಕರಗಿ ಸುರಿದ ಸೀಸಕ್ಕೆ ಒಂದು ಕಣ್ಣು ಕಳೆದುಕೊಂಡವನು. ನೆರೆಯ ಸಾಲ್ಸ್‌ಬರಿ ಮನೆತನದವರ ಜೊತೆಗಿನ ಹಗೆಯನ್ನು ಕೊನೆಗಾಣಿಸಲು ಮೊದಲ ಹೆಂಡತಿಯನ್ನು ಬಿಟ್ಟು ಆ ಮನೆಯ ಹೆಣ್ಣನ್ನು ಮದುವೆಯಾದವನು. ಆ ಮದುವೆಯಿಂದ ಹುಟ್ಟಿದ ಮಗನೇ ವಿಲಿಯಂ. ಕೋಟೆ ಹೋದರೆ ಮನೆತನವೇ ಹೋಯಿತು ಎಂಬ ಕಾಲದಲ್ಲಿ ಇಂಥವನೊಬ್ಬ ಏನೇನನ್ನು ಪಣಕ್ಕಿಡುತ್ತಿದ್ದ ಎಂಬುದನ್ನು ತೋರಿಸಿ, ತೀರ್ಪನ್ನು ಓದುಗನಿಗೆ ಬಿಡಿ. ಅಂದಹಾಗೆ, ಅವನಿಗೆ ‘ಮಹಾಮಂಡಲೇಶ್ವರ’ ಎಂಬ ಬಿರುದು ಹೊಂದುವುದಿಲ್ಲ. ಅದು ನಮ್ಮ ಚಾಲುಕ್ಯ ಶಾಸನಗಳ ಮಾತು, ತೂಕ ಬಹಳ ಹೆಚ್ಚು. ಸ್ವಭಾವಕ್ಕೆ ‘ಪಾಳೆಯಗಾರ’ ಹತ್ತಿರವಾದೀತು. ಬೇಡವೆಂದರೆ ‘ಸರದಾರ’ ಸಾಕು.

ಇನ್ನು ನಿಮಗೆ ಕಾಣದೆ ಹೋದ ಕಥೆ. ನಿಮ್ಮ ಮೂವತ್ತೊಂದನೆಯ ಪುಟದಲ್ಲಿ, ಆಗಿನ ಇಂಗ್ಲೆಂಡಿನ ದೊರೆ ಜಾನ್‌ನ (ಅದೇ ಹೆಸರಿನ ತಂದೆಯಲ್ಲ) ಸಂದೇಹ ನಿವಾರಿಸಲು ವಿಲಿಯಂ 1205ರಲ್ಲಿ ತನ್ನ ಹಿರಿಯ ಮಗನನ್ನೂ 1207ರಲ್ಲಿ ಎರಡನೆಯವನನ್ನೂ ಒತ್ತೆಯಾಗಿ ಒಪ್ಪಿಸಿದ ಎಂದು ಬರೆದಿದ್ದೀರಿ. ನೇಣಿನ ನೆರಳಲ್ಲಿ ನಿಂತು ಬಂದ ಹುಡುಗನೇ ತಂದೆಯಾದ ಮೇಲೆ ತನ್ನ ಮಕ್ಕಳನ್ನು ಅದೇ ರೀತಿ ಕಳಿಸಿಕೊಡುತ್ತಾನೆ, ಅದೂ 1212ರಲ್ಲಿ ವೇಲ್ಸಿನ ಒತ್ತೆಯಾಳು ಹುಡುಗರನ್ನು ನಾಟಿಂಗ್‌ಹ್ಯಾಮಿನಲ್ಲಿ ಗಲ್ಲಿಗೇರಿಸಿದ ಅಂಥ ದೊರೆಗೆ. ಆ ಹಿರಿಯ ಮಗನೇ ಮುಂದೆ 1215ರಲ್ಲಿ ದೊರೆಯ ವಿರುದ್ಧ ಎದ್ದ ಸರದಾರರೊಡನೆ ಸೇರುತ್ತಾನೆ. ತಂದೆ ದೊರೆಯ ಕಡೆಯೇ ಉಳಿಯುತ್ತಾನೆ. 1217ರ ಹೊತ್ತಿಗೆ ಮಗ ಮರಳಿ ಬಂದು ಲಿಂಕನ್‌ನಲ್ಲಿ ಅಪ್ಪನ ಜೊತೆ ಕಾದುತ್ತಾನೆ. ವಿಲಿಯಂ ತಾನು ಒತ್ತೆಯಾದದ್ದಕ್ಕೂ ಮಕ್ಕಳನ್ನು ಒತ್ತೆಯಿಟ್ಟದ್ದಕ್ಕೂ ನಡುವೆ ನಿಮ್ಮಲ್ಲಿ ಹದಿನೇಳು ಪುಟಗಳ ಪಂದ್ಯಾವಳಿ, ಔತಣ, ಕವಚವರ್ಣನೆ ಇದೆ. (ಔತಣದಲ್ಲಿ ಬಡಿಸಿರುವ ಆಲೂಗಡ್ಡೆ ಯುರೋಪಿಗೆ ಬರಲು ಇನ್ನೂ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲವಿತ್ತು.) ಮಗ ಕುದುರೆಯೇರಿ ಹೊರಟ ಬೆಳಿಗ್ಗೆ ವಿಲಿಯಂಗೆ ಆ ಕಳೆಗಿಡದ ದಂಟು ನೆನಪಾಯಿತೆ, ತಾಯಿ ಇಸಬೆಲ್ ಬಾಗಿಲಿಗೆ ಬಂದಳೆ, ಬರಲಿಲ್ಲವೆ? ಚರಿತ್ರೆ ಸುಮ್ಮನಿರುವ ಇಂಥ ಕಡೆಯಲ್ಲೇ ಕಥೆಗಾರನಿಗೆ ಕೆಲಸ.

ಇನ್ನೊಂದು ಎಚ್ಚರ. ನ್ಯೂಬರಿಯ ಪ್ರಸಂಗ ನಮಗೆ ಸಿಗುವುದು ವಿಲಿಯಂ 1219ರಲ್ಲಿ ಸತ್ತ ಮೇಲೆ ಅದೇ ಹಿರಿಯ ಮಗ ಬರೆಸಿದ, ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಹಳೆಯ ಫ್ರೆಂಚ್ ಪದ್ಯಚರಿತ್ರೆಯಿಂದ. ಅದು ಹೊಗಳಲೆಂದೇ ಹುಟ್ಟಿದ ಕೃತಿ. ಮುದುಕ ಮನೆಮಂದಿಗೆ ಮತ್ತೆಮತ್ತೆ ಹೇಳಿದ ಬಾಲ್ಯದ ಕಥೆ ಅಲ್ಲಿ ಎಷ್ಟು ಬೆಳೆದಿದೆಯೋ ತಿಳಿಯದು. ನೀವು ಅದನ್ನು ದಾಖಲೆಯಂತೆ ಒಪ್ಪಿಸಿದ್ದೀರಿ. ಮಗ ಅಪ್ಪನ ಬಾಯಿಂದ ಕೇಳಿಸಿಕೊಂಡ ಮಾತಾಗಿ ಅದನ್ನು ಹೇಳಿಸಿದರೆ ನಂಬಿಕೆಯೂ ಸಂದೇಹವೂ ಒಟ್ಟಿಗೇ ಬರುತ್ತವೆ.

ಹದಿನೆಂಟು ಪುಟಗಳಿಗೆ ಇಳಿಸಿ ಮತ್ತೆ ಬರೆದರೆ ಖಂಡಿತ ಓದುತ್ತೇನೆ. ಗುಡಾರದ ದೃಶ್ಯದಿಂದಲೇ ಶುರುಮಾಡಿ.

ವಿಶ್ವಾಸದಿಂದ,
ಸಂಪಾದಕ