ಮಿದುಳಿನ ಕಾಂಡಕೋಶಗಳೂ ಬೆಳವಣಿಗೆ ಅಂಶಗಳೂ

ಪ್ರಶ್ನೆ: ವಯಸ್ಕರ ಮಿದುಳಿನಲ್ಲಿಯೂ ಕಾಂಡಕೋಶಗಳಿವೆ, ಬೆಳವಣಿಗೆ ಅಂಶಗಳು ಅವುಗಳನ್ನು ಹೆಚ್ಚಿಸುತ್ತವೆ ಎಂದು ಓದಿದೆ. ಹಾಗಿದ್ದರೆ ಪಾರ್ಶ್ವವಾಯುವಿನಿಂದ ಹಾನಿಗೊಂಡ ಮಿದುಳಿಗೆ ಇವನ್ನೇ ಔಷಧವಾಗಿ ಕೊಡಬಾರದೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಕಾಂಡಕೋಶಗಳೆಂದರೆ ವಿಭಜನೆಗೊಂಡು ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳು; ಬೆಳವಣಿಗೆ ಅಂಶಗಳೆಂದರೆ ಜೀವಕೋಶಗಳು ಸ್ರವಿಸುವ ಪ್ರೋಟೀನುಗಳು. ಕಾಂಡಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳಿಗೆ ಅವು ಅಂಟಿಕೊಂಡಾಗ ಒಳಕ್ಕೆ ಸಾಗುವ ಸಂಕೇತವು, ಆ ಕೋಶ ವಿಭಜನೆಗೊಳ್ಳಬೇಕೆ, ಸುಮ್ಮನಿರಬೇಕೆ ಅಥವಾ ಬೇರೊಂದು ಬಗೆಯ ಕೋಶವಾಗಿ ಮಾರ್ಪಡಬೇಕೆ ಎಂಬುದರ ಮೇಲೆ ಪ್ರಭಾವ ಬೀರುತ್ತದೆ. ಕೋಶಗಳು ಹೆಚ್ಚುವುದು ಬೇರೆ, ಅವು ನರಕೋಶಗಳಾಗುವುದು ಬೇರೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಈ ವ್ಯತ್ಯಾಸದಲ್ಲಿಯೇ.

1992ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯೆಲ್ ವೈಸ್ ವಯಸ್ಕ ಇಲಿಯ ಮಿದುಳಿನಿಂದ ತೆಗೆದ ಕೋಶಗಳಿಗೆ ಇ.ಜಿ.ಎಫ್. ಎಂಬ ಬೆಳವಣಿಗೆ ಅಂಶವನ್ನು ಒದಗಿಸಿದಾಗ, ಬೆರಳೆಣಿಕೆಯಷ್ಟು ಕೋಶಗಳು ವಿಭಜನೆಗೊಳ್ಳುತ್ತಾ ದ್ರವದಲ್ಲಿ ತೇಲುವ ಪುಟ್ಟ ಗೋಳಗಳಾದವು. ಆ ಗೋಳಗಳ ಕೋಶಗಳಿಂದ ಮುಂದೆ ನರಕೋಶಗಳೂ ಅವುಗಳಿಗೆ ಆಸರೆಯಾಗುವ ಆಸ್ಟ್ರೋಸೈಟ್‌ಗಳೂ ಮೂಡಿದವು. ವಯಸ್ಕ ಮಿದುಳಿನಲ್ಲಿ ಇಂತಹ ಸಾಮರ್ಥ್ಯ ಉಳಿದಿರುತ್ತದೆ ಎಂಬುದಕ್ಕೆ ಅದು ಬಲವಾದ ಸಾಕ್ಷ್ಯವಾಯಿತು.

ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದು ಜೀವಂತ ಮಿದುಳಿನಲ್ಲಿ ಹಾಗೆಯೇ ನಡೆಯುವುದಿಲ್ಲ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಯಸ್ಕ ಇಲಿಗಳ ಮಿದುಳಿನ ಕುಹರಕ್ಕೆ, ಅಂದರೆ ಅದರೊಳಗಿನ ದ್ರವ ತುಂಬಿದ ಟೊಳ್ಳಿಗೆ, ಎರಡು ವಾರಗಳ ಕಾಲ ಕೆಲವಕ್ಕೆ ಇ.ಜಿ.ಎಫ್., ಇನ್ನು ಕೆಲವಕ್ಕೆ ಎಫ್.ಜಿ.ಎಫ್.-2 ಎಂಬ ಇನ್ನೊಂದು ಅಂಶವನ್ನು ಹರಿಸಲಾಯಿತು. ಎರಡೂ ಗುಂಪುಗಳಲ್ಲಿ ಕುಹರದ ಅಂಚಿನ ಕೋಶಗಳು ಹೆಚ್ಚಿದವು. ಅಲ್ಲಿ ಹುಟ್ಟಿದ ಕೋಶಗಳು ಸಾಗಿ ಸೇರುವ, ವಾಸನೆಯನ್ನು ಗ್ರಹಿಸುವ ಭಾಗವನ್ನು ಮುಂದೆ ಪರಿಶೀಲಿಸಿದಾಗ ಮಾತ್ರ ಫಲ ಬೇರೆಯೇ ಆಗಿತ್ತು: ಎಫ್.ಜಿ.ಎಫ್.-2 ಪಡೆದವುಗಳಲ್ಲಿ ಹೊಸ ನರಕೋಶಗಳು ಹೆಚ್ಚಿದ್ದವು, ಇ.ಜಿ.ಎಫ್. ಪಡೆದವುಗಳಲ್ಲಿ ಅವು ಕಡಿಮೆಯಾಗಿ ಆಸ್ಟ್ರೋಸೈಟ್‌ಗಳು ಹೆಚ್ಚಿದ್ದವು. ಇದೇ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ, ಹೊಸ ಕೋಶಗಳ ಸಂಖ್ಯೆಯನ್ನು ಎರಡೂ ಹೆಚ್ಚಿಸಲಿಲ್ಲ. ಈ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಪಾಠ ಹೇಳುವ ಪ್ರಯೋಗಗಳು ವಿರಳವೆಂದೇ ನನ್ನ ಭಾವನೆ.

ಹುಟ್ಟಿದ ನರಕೋಶವೂ ಸರಿಯಾದ ಸ್ಥಳಕ್ಕೆ ಸಾಗಿ, ಬದುಕುಳಿದು, ನೆರೆಯ ಕೋಶಗಳೊಡನೆ ಸಂಪರ್ಕ ಬೆಳೆಸಬೇಕು, ಅದಕ್ಕೆ ಬಿ.ಡಿ.ಎನ್.ಎಫ್.ನಂತಹ ಬೇರೆ ಅಂಶಗಳ ನೆರವು ಬೇಕಾಗುತ್ತದೆ. ಮನುಷ್ಯರ ವಿಷಯವಂತೂ ಇನ್ನೂ ವಿವಾದಾಸ್ಪದ. ವಯಸ್ಕರ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಕಾಣಲಿಲ್ಲವೆಂದು ಒಂದು ತಂಡವೂ, ಇಳಿವಯಸ್ಸಿನವರೆಗೂ ಹುಟ್ಟುತ್ತವೆ ಎಂದು ಇನ್ನೊಂದು ತಂಡವೂ 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ವರದಿ ಮಾಡಿದವು.

ಅಪಾಯವನ್ನೂ ಹೇಳಲೇಬೇಕು. ಗ್ಲಿಯೊಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರಿನ ಅನೇಕ ಗಡ್ಡೆಗಳಲ್ಲಿ ಇ.ಜಿ.ಎಫ್. ಗ್ರಾಹಕದ ಜೀನಿನ ಪ್ರತಿಗಳು ಅತಿಯಾಗಿ ಹೆಚ್ಚಿರುತ್ತವೆ; ವಿಭಜನೆಯನ್ನು ಪ್ರಚೋದಿಸುವ ಈ ಮಾರ್ಗವನ್ನು ದೀರ್ಘಕಾಲ ಕೆಣಕಲು ವೈದ್ಯರು ಹಿಂಜರಿಯುವುದು ಸಹಜ. ಎಫ್.ಜಿ.ಎಫ್.-2 ಅನ್ನು ಪಾರ್ಶ್ವವಾಯು ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟು ನೋಡಿದ್ದೂ ಉಂಟು. ಅಲ್ಲಿ ಉದ್ದೇಶವಿದ್ದದ್ದು ಇರುವ ಕೋಶಗಳನ್ನು ಉಳಿಸುವುದು. ಆದರೆ ಔಷಧವು ರಕ್ತದೊತ್ತಡವನ್ನು ತಗ್ಗಿಸಿತು, ನಿರೀಕ್ಷಿಸಿದ ಪ್ರಯೋಜನವೂ ದೃಢಪಡಲಿಲ್ಲ.